ಅತಿಥಿ ತಂಗಿದ ಮನೆಗಳು: ಬೆಳಗಾವಿ ಮತ್ತು ಖಾನಾಪುರದ ಸ್ಮಾರಕಗಳ ಕುರಿತು

ಬೆಳಗಾವಿಯ ಕೋಟೆಯೊಳಗೆ ಸ್ವಲ್ಪವೇ ನಡಿಗೆಯ ಅಂತರದಲ್ಲಿ ಮೂರು ಕಟ್ಟಡಗಳಿವೆ. ಒಂದು, ರಟ್ಟರ ಕಾಲದಲ್ಲಿ, 1204ರ ಸುಮಾರಿಗೆ, ನಾಲ್ಕನೆಯ ಕಾರ್ತವೀರ್ಯನ ಮಂತ್ರಿ ಬೀಚಿರಾಜ ಕಟ್ಟಿಸಿದ ಕಮಲ ಬಸದಿ. ಇನ್ನೊಂದು, ಬಿಜಾಪುರದ ಆದಿಲ್‌ಶಾಹಿ ಸರದಾರ ಅಸದ್ ಖಾನ್ ಲಾರಿ 1519ರಲ್ಲಿ ಕಟ್ಟಿಸಿದ ಸಫಾ ಮಸೀದಿ. ಮೂರನೆಯದು ಬಸದಿಯೂ ಅಲ್ಲ, ಮಸೀದಿಯೂ ಅಲ್ಲ. ಅದೊಂದು ವಾಸದ ಮನೆ. ಬ್ರಿಟಿಷ್ ಆಡಳಿತದ ಕಾಲದಲ್ಲಿ ಅರಣ್ಯ ಇಲಾಖೆಯ ಉಪವಿಭಾಗಾಧಿಕಾರಿಯಾಗಿದ್ದ ಹರಿಪದ ಮಿತ್ರ ಎಂಬ ಬಂಗಾಳಿ ಗೃಹಸ್ಥರು ತಮ್ಮ ಪತ್ನಿ ಇಂದುಮತಿಯವರೊಂದಿಗೆ ಅಲ್ಲಿ ಸಂಸಾರ ಮಾಡಿಕೊಂಡಿದ್ದರು.

ಮೊದಲಿನ ಎರಡನ್ನು ಕಟ್ಟಿಸಿದವರು ತಮ್ಮ ಹೆಸರು ಉಳಿಯಲೆಂದು ಕಲ್ಲಿನಲ್ಲಿ ಬರೆಸಿದರು. ಬಸದಿಗೆ ಕನ್ನಡ ಶಾಸನವುಂಟು, ಮಸೀದಿಗೆ ಪಾರಸಿ ಶಾಸನವುಂಟು. ಇಂದು ಇವೆರಡೂ ಭಾರತೀಯ ಪುರಾತತ್ತ್ವ ಸರ್ವೇಕ್ಷಣ ಇಲಾಖೆಯ ಸಂರಕ್ಷಣೆಯಲ್ಲಿವೆ. ಮೂರನೆಯ ಕಟ್ಟಡದ ಗೋಡೆಯ ಮೇಲೆ ಅಂದು ಯಾರೂ ಏನನ್ನೂ ಬರೆಸಲಿಲ್ಲ. ಅಧಿಕಾರಿಯ ವರ್ಗಾವಣೆಯಾದೊಡನೆ ಇನ್ನೊಬ್ಬ ಅಧಿಕಾರಿ ಬಂದು ಸೇರಿಕೊಳ್ಳುವ ಮನೆ ಅದು. ಆದರೂ ಆ ಮನೆ ಇಂದು ಊರಿನ ಗುರುತುಗಳಲ್ಲೊಂದಾಗಿದೆ. ಅದಕ್ಕೆ ಕಾರಣ 1892ರ ಅಕ್ಟೋಬರ್ ತಿಂಗಳಲ್ಲಿ ಕೆಲವು ದಿನ ಅಲ್ಲಿ ತಂಗಿದ್ದ ಒಬ್ಬ ಅತಿಥಿ.

ಮನೆಯೊಂದು ಯಾವಾಗ ಸ್ಮಾರಕವಾಗುತ್ತದೆ? ಅದಕ್ಕೆ ಆ ಮಾನ್ಯತೆ ಕೊಡುವವರು ಯಾರು? ಕೊಟ್ಟ ಮೇಲೆ ಅದರ ಛಾವಣಿಯ ಹಂಚು ಬದಲಿಸುವವರು ಯಾರು? ಈ ಪ್ರಶ್ನೆಗಳು ಬೆಳಗಾವಿಯಲ್ಲಿ, ಅದರ ನೆರೆಯ ಖಾನಾಪುರ ತಾಲೂಕಿನಲ್ಲಿ ಇಂದು ಕೇಳಲೇಬೇಕಾದವು. ಹಳೆಯ ಗಲ್ಲಿಗಳ ಹಂಚಿನ ಮನೆಗಳು ಒಂದೊಂದಾಗಿ ಉರುಳಿ ಅಲ್ಲಿ ಕಾಂಕ್ರೀಟ್ ಕಟ್ಟಡಗಳು ಏಳುತ್ತಿರುವ ಕಾಲವಿದು. ಉರುಳಿದ ಮೇಲೆ ಕೇಳುವ ಪ್ರಶ್ನೆಗೆ ಉತ್ತರ ಸಿಕ್ಕರೂ ಮನೆ ಸಿಗುವುದಿಲ್ಲ.

ಆ ಅತಿಥಿ ಸ್ವಾಮಿ ವಿವೇಕಾನಂದರು. ಆಗ ಅವರು ಜಗತ್ಪ್ರಸಿದ್ಧರಲ್ಲ. ಶಿಕಾಗೋದ ಸರ್ವಧರ್ಮ ಸಮ್ಮೇಳನ ನಡೆಯಲು ಇನ್ನೂ ಹನ್ನೊಂದು ತಿಂಗಳು ಉಳಿದಿತ್ತು. ಊರೂರು ಅಲೆಯುತ್ತಿದ್ದ, ಇಂಗ್ಲಿಷ್ ಬಲ್ಲ, ಇಪ್ಪತ್ತೊಂಬತ್ತು ವರ್ಷದ ಒಬ್ಬ ಸಂನ್ಯಾಸಿಯೆಂಬುದಷ್ಟೇ ಅವರ ಪರಿಚಯ. ಕೊಲ್ಹಾಪುರ ಸಂಸ್ಥಾನದ ಅಧಿಕಾರಿ ಗೋಳವಲಕರ್ ಎಂಬವರು ಕೊಟ್ಟ ಒಂದು ಚೀಟಿಯನ್ನು ಹಿಡಿದುಕೊಂಡು ಅವರು ಬೆಳಗಾವಿಯ ವಕೀಲ ಸದಾಶಿವ ಬಾಳಕೃಷ್ಣ ಭಾಟೆಯವರ ಮನೆಗೆ ಬಂದರು. ಆ ಮನೆ ಇದ್ದುದು ರಿಸಾಲ್ದಾರ ಗಲ್ಲಿಯಲ್ಲಿ. ರಿಸಾಲ್ದಾರ ಎಂದರೆ ಕುದುರೆ ಪಡೆಯ ನಾಯಕ. ಪಾರಸಿಯಿಂದ ಬಂದ ಪದವಿ. ಬಂಗಾಳದ ಸಂನ್ಯಾಸಿಗೆ ಮರಾಠಿ ಮಾತನಾಡುವ ಬ್ರಾಹ್ಮಣ ವಕೀಲರು ಆಶ್ರಯ ಕೊಟ್ಟ ಬೀದಿಗೆ ಪಾರಸಿ ಹೆಸರು. ಊರಿನ ಮಣ್ಣಿನ ಮಾತು ಕನ್ನಡ. ಬೆಳಗಾವಿಯನ್ನು ಒಂದೇ ನಾಲಗೆಯ ಊರೆಂದು ಸಾಧಿಸಲು ಹೊರಟವರೆಲ್ಲರೂ ಒಮ್ಮೆ ಅದರ ಗಲ್ಲಿಗಳ ಹೆಸರುಗಳನ್ನು ಓದಿಕೊಳ್ಳಬೇಕೆಂದು ನಮಗನ್ನಿಸುತ್ತದೆ.

ಭಾಟೆಯವರ ಮನೆಯಲ್ಲಿ ಸುಮಾರು ಮೂರು ದಿನ ಕಳೆದ ಮೇಲೆ ಅವರು ಕೋಟೆಯೊಳಗಿನ ಹರಿಪದ ಮಿತ್ರರ ಮನೆಗೆ ಹೋದರು. ಅಲ್ಲಿಯ ವಾಸ ಸುಮಾರು ಒಂಬತ್ತು ದಿನ. ಈ ಎರಡು ವಾಸ್ತವ್ಯಗಳ ಬಗ್ಗೆಯೂ ಆತಿಥೇಯರ ಕಡೆಯಿಂದಲೇ ಬರಹಗಳು ಉಳಿದುಬಂದಿವೆ. ಹರಿಪದ ಮಿತ್ರರು ತಮ್ಮ ನೆನಪುಗಳನ್ನು ಬರೆದಿಟ್ಟರು. ಭಾಟೆಯವರ ಮಗ, ಮುಂದೆ ಪ್ರಾಧ್ಯಾಪಕರಾದ ಜಿ. ಎಸ್. ಭಾಟೆಯವರು ಬಾಲ್ಯದಲ್ಲಿ ಕಂಡದ್ದನ್ನು 1923ರಲ್ಲಿ ‘ಪ್ರಬುದ್ಧ ಭಾರತ’ ಪತ್ರಿಕೆಯಲ್ಲಿ ಪ್ರಕಟಿಸಿದರು. ಮನೆಯ ಇತಿಹಾಸಕ್ಕೆ ಗೋಡೆಗಿಂತ ದೊಡ್ಡ ಆಧಾರ ಇಂಥ ಬರಹಗಳೇ. ಅವಿಲ್ಲದಿದ್ದರೆ ಇಂದು ಯಾವ ಬಾಗಿಲನ್ನು ತೋರಿಸಿ ಇದೇ ಆ ಮನೆ ಎನ್ನಬಹುದಿತ್ತು?

ಭಾಟೆಯವರ ಬರಹದಲ್ಲಿ ನಮ್ಮ ಗಮನವನ್ನು ಹಿಡಿದು ನಿಲ್ಲಿಸುವ ಒಂದು ಸಂಗತಿಯಿದೆ. ಬಂದ ಸಂನ್ಯಾಸಿ ಊಟವಾದ ಮೇಲೆ ಎಲೆಯಡಿಕೆ ಕೇಳಿದ್ದು, ತಂಬಾಕು ಕೇಳಿದ್ದು ಮನೆಯವರಿಗೆ ಅಚ್ಚರಿ ತಂದಿತ್ತು. ಸಂನ್ಯಾಸಿಯೆಂದರೆ ಹೀಗಿರುತ್ತಾನೆಯೇ ಎಂಬ ಸಂದೇಹದಿಂದ ಅವರು ಆಹಾರದ ನಿಯಮಗಳ ಕುರಿತು ವಿಚಾರಿಸಿದರು. ತಾನು ಪರಮಹಂಸರ ಪಂಥಕ್ಕೆ ಸೇರಿದವನು, ಕೊಟ್ಟದ್ದನ್ನು ಉಣ್ಣಬೇಕಾದವನು, ಕೊಡುವವನ ಮತ ಯಾವುದೆಂಬುದು ತನಗೆ ತಡೆಯಲ್ಲ ಎಂದು ಅವರು ವಿವರಿಸಿದರು. ಹಿಂದೂಗಳಲ್ಲದವರ ಮನೆಯಲ್ಲಿಯೂ ಉಣ್ಣುವಿರಾ ಎಂದು ಕೇಳಿದಾಗ, ಮುಸಲ್ಮಾನರ ಕೈಯಿಂದ ಅನೇಕ ಸಲ ಆಹಾರ ಸ್ವೀಕರಿಸಿದ್ದೇನೆ ಎಂದು ಹೇಳಿದರು. 1892ರಲ್ಲಿ, ಸಂಪ್ರದಾಯಸ್ಥ ವಕೀಲರ ಮನೆಯ ಪಡಸಾಲೆಯಲ್ಲಿ, ಅವರದೇ ಅನ್ನದ ಋಣದಲ್ಲಿದ್ದ ಅತಿಥಿ ಹೀಗೆ ಮುಚ್ಚುಮರೆಯಿಲ್ಲದೆ ಹೇಳುವುದು ಸಣ್ಣ ಮಾತಲ್ಲ. ಅದನ್ನು ಕೇಳಿದ ಮೇಲೆಯೂ ಆತಿಥೇಯರು ಆದರದಿಂದಲೇ ಉಪಚರಿಸಿದ್ದು ಅದಕ್ಕಿಂತಲೂ ಸಣ್ಣದಲ್ಲ.

ಅವರು ಹೇಳಿದ್ದು ನಿಜವೇ ಆಗಿತ್ತೆಂಬುದಕ್ಕೆ ಅವರ ಜೀವನಚರಿತ್ರೆಯಲ್ಲಿ ಸಾಕ್ಷಿಗಳಿವೆ. ರಾಜಸ್ಥಾನದ ಆಬು ಪರ್ವತದಲ್ಲಿದ್ದಾಗ ಕೋಟಾ ಸಂಸ್ಥಾನದ ಒಬ್ಬ ಮುಸ್ಲಿಂ ವಕೀಲರ ಬಂಗಲೆಯಲ್ಲಿ ಅವರು ಅತಿಥಿಯಾಗಿದ್ದರು. ಅದಕ್ಕೂ ಮುನ್ನ, 1890ರಲ್ಲಿ, ಹಿಮಾಲಯದ ಅಲ್ಮೋರಾ ಸಮೀಪ ಹಸಿವಿನಿಂದ ಕುಸಿದು ಬಿದ್ದಿದ್ದಾಗ, ಅಲ್ಲಿಯ ಮುಸ್ಲಿಂ ಖಬರಸ್ಥಾನವನ್ನು ನೋಡಿಕೊಳ್ಳುತ್ತಿದ್ದ ಜುಲ್ಫಿಕರ್ ಅಲಿ ಎಂಬ ಫಕೀರರು ಒಂದು ಸೌತೆಕಾಯಿಯನ್ನು ಕೊಟ್ಟು ಬದುಕಿಸಿದರು. ಆ ಜಾಗದಲ್ಲಿ ಇಂದು ದಾರಿಹೋಕರಿಗಾಗಿ ಒಂದು ಸ್ಮಾರಕ ವಿಶ್ರಾಂತಿ ಮಂಟಪವಿದೆ. ಒಂದು ಸೌತೆಕಾಯಿಯ ಉಪಕಾರ ಒಂದು ಕಟ್ಟಡವಾಗಿ ನಿಂತಿದೆಯೆಂದರೆ ತಪ್ಪಾಗದು.

ಹರಿಪದ ಮಿತ್ರರ ನೆನಪುಗಳಲ್ಲಿ ಬೇರೆ ಬಗೆಯ ಸ್ವಾರಸ್ಯವಿದೆ. ಡಿಕನ್ಸ್‌ನ ‘ಪಿಕ್‌ವಿಕ್ ಪೇಪರ್ಸ್’ ಕಾದಂಬರಿಯ ಎರಡು ಮೂರು ಪುಟಗಳನ್ನು ಅತಿಥಿ ಬಾಯಿಪಾಠವಾಗಿ ಒಪ್ಪಿಸಿದ್ದನ್ನು ಕೇಳಿ ಅವರು ಬೆರಗಾದರು. ಅಮೆರಿಕೆಗೆ ಹೋಗುವ ಇಂಗಿತ ತಿಳಿದಾಗ ಚಂದಾ ಎತ್ತಿಕೊಡುತ್ತೇನೆಂದು ಮುಂದಾದರು, ಅತಿಥಿ ಒಪ್ಪಲಿಲ್ಲ. ಗಂಡ ಹೆಂಡತಿ ಇಬ್ಬರೂ ಅವರ ಶಿಷ್ಯರಾದರು. ಬೆಳಗಾವಿಯಲ್ಲಿ ತೆಗೆಸಿದ ಅವರ ಛಾಯಾಚಿತ್ರವೂ ಉಳಿದಿದೆ. ಅಕ್ಟೋಬರ್ ಕೊನೆಯ ವಾರದಲ್ಲಿ ಅವರು ಗೋವೆಯ ಕಡೆಗೆ ಹೊರಟುಹೋದರು. ಅಷ್ಟರಲ್ಲಿ ಎರಡು ಮನೆಗಳು ಇತಿಹಾಸಕ್ಕೆ ಸೇರಿಹೋಗಿದ್ದವು. ಅದು ಆಗ ಯಾರಿಗೂ ತಿಳಿದಿರಲಿಲ್ಲ.

ಒಂದು ಇಸ್ಲಾಮೀ ಬರಹಗಳ ತಾಣದಲ್ಲಿ ಇದನ್ನೇಕೆ ಇಷ್ಟು ವಿಸ್ತಾರವಾಗಿ ಹೇಳುತ್ತಿದ್ದೇವೆಂದು ಕೆಲವರು ಕೇಳಬಹುದು. ಅತಿಥಿ ತಂಗಿದ್ದರಿಂದ ಮನೆಯೊಂದು ನೆನಪಿನಲ್ಲಿ ಉಳಿಯುವುದು ನಮಗೆ ಹೊಸದೇನಲ್ಲ. ಪ್ರವಾದಿ ಮುಹಮ್ಮದ್(ಸ) ಮಕ್ಕಾದಿಂದ ಮದೀನಕ್ಕೆ ಹಿಜ್‌ರತ್ ಮಾಡಿದಾಗ ತಮ್ಮ ಮನೆಗೇ ಬರಬೇಕೆಂದು ಎಲ್ಲರೂ ಒಂಟೆಯ ಹಗ್ಗ ಹಿಡಿದು ಕೇಳಿಕೊಂಡರು. ಒಂಟೆಯನ್ನು ಅದರ ಪಾಡಿಗೆ ಬಿಡಿರಿ ಎಂದು ಪ್ರವಾದಿವರ್ಯರು(ಸ) ಹೇಳಿದರು. ಕೊನೆಗೆ ಅವರು ತಂಗಿದ್ದು ಅಬೂ ಅಯ್ಯೂಬ್ ಅನ್ಸಾರಿ(ರ) ಅವರ ಮನೆಯಲ್ಲಿ, ತಿಂಗಳುಗಟ್ಟಲೆ. ಪ್ರವಾದಿ(ಸ) ಕೆಳಗಿನ ಅಂತಸ್ತಿನಲ್ಲಿದ್ದರೆ ಆತಿಥೇಯ ದಂಪತಿಗಳು ಮೇಲಂತಸ್ತಿನಲ್ಲಿದ್ದರು. ಒಂದು ರಾತ್ರಿ ನೀರಿನ ಗಡಿಗೆ ಒಡೆದು ಮಾಳಿಗೆಯ ಮೇಲೆ ನೀರು ಹರಿದಾಗ, ಕೆಳಗೆ ಮಲಗಿದ್ದ ಅತಿಥಿಯ ಮೇಲೆ ಹನಿ ಬಿದ್ದೀತೆಂದು ಹೆದರಿ, ಹೊದೆಯಲು ಇದ್ದ ಒಂದೇ ಹೊದಿಕೆಯಿಂದ ಅವರು ಆ ನೀರನ್ನು ಒರೆಸಿದರು. ಮಾಳಿಗೆ, ಗಡಿಗೆ, ಹೊದಿಕೆ. ಒಂದು ಮನೆಯ ಇತಿಹಾಸ ಇಂಥ ವಸ್ತುಗಳಿಂದಲೇ ಆಗುತ್ತದೆ. ಅಬೂ ಅಯ್ಯೂಬರ(ರ) ಆ ಮನೆ ಇಂದಿಲ್ಲ. ಅದರ ನೆಲ ಮಸ್ಜಿದುನ್ನಬವಿಯ ವಿಸ್ತರಣೆಯಲ್ಲಿ ಸೇರಿಹೋಗಿದೆ. ಮನೆ ಹೋದರೂ ಹದೀಸ್ ಉಳಿದಿದೆ ಎಂದು ಸಮಾಧಾನ ಪಟ್ಟುಕೊಳ್ಳಬಹುದು. ಆದರೆ ರಿಸಾಲ್ದಾರ ಗಲ್ಲಿಯ ಮನೆಗಳಿಗೆ, ಖಾನಾಪುರದ ಓಣಿಗಳ ಮನೆಗಳಿಗೆ ಹದೀಸ್ ಸಂಗ್ರಹಕಾರರಿಲ್ಲ.

ಇಲ್ಲಿ ಒಂದು ಆಕ್ಷೇಪವನ್ನು ಗಮನಿಸಬೇಕು. ಸ್ಥಳಗಳನ್ನು ಅತಿಯಾಗಿ ಗೌರವಿಸುವುದು ಕ್ರಮೇಣ ಆರಾಧನೆಯಾಗಿ ತಿರುಗಬಹುದೆಂಬ ಎಚ್ಚರ ನಮ್ಮ ಪರಂಪರೆಯಲ್ಲಿ ಬಲವಾಗಿದೆ. ಹುದೈಬಿಯಾದಲ್ಲಿ ಯಾವ ಮರದ ಕೆಳಗೆ ಪ್ರತಿಜ್ಞೆ ನಡೆಯಿತೋ ಆ ಮರವೆಂದು ಜನ ತಿಳಿದುಕೊಂಡಿದ್ದ ಒಂದು ಮರದ ಬಳಿ ವಿಶೇಷವಾಗಿ ನಮಾಝ್ ಮಾಡತೊಡಗಿದಾಗ ಖಲೀಫಾ ಉಮರ್(ರ) ಅದನ್ನು ಕಡಿಸಿದರೆಂಬ ವರದಿಯಿದೆ. ಈ ಎಚ್ಚರ ಸರಿಯಾದುದು. ಆದರೆ ಅದೇ ಉಮರ್(ರ) ಹಿಜ್‌ರತ್ ಅನ್ನು ಕಾಲಗಣನೆಯ ಆರಂಭವಾಗಿ ಸ್ಥಾಪಿಸಿ, ಸಮುದಾಯವೊಂದು ತನ್ನ ಇತಿಹಾಸವನ್ನು ಮರೆಯದಂತೆ ನೋಡಿಕೊಂಡರು ಎಂಬುದನ್ನೂ ಮರೆಯಬಾರದು. ಸ್ಮಾರಕದ ಮಾನ್ಯತೆಯೆಂದರೆ ಪೂಜೆಯಲ್ಲ, ಅದು ದಾಖಲೆ. ಒಂದು ಕಟ್ಟಡ ಇಂಥದ್ದಕ್ಕೆ ಸಾಕ್ಷಿಯೆಂದು ಸಮಾಜ ಬರೆದು ಸಹಿ ಹಾಕುವುದು.

ಈ ಸಹಿ ಹಾಕುವ ಕಾನೂನು ನಮ್ಮ ದೇಶದಲ್ಲಿ ಹೇಗಿದೆ? 1958ರ ಪ್ರಾಚೀನ ಸ್ಮಾರಕಗಳ ಕೇಂದ್ರ ಕಾಯ್ದೆಯ ಪ್ರಕಾರ ಕನಿಷ್ಠ 100 ವರ್ಷ ಹಳೆಯದಾದ ಕಟ್ಟಡವನ್ನು ಮಾತ್ರ ಪ್ರಾಚೀನ ಸ್ಮಾರಕವೆಂದು ಪರಿಗಣಿಸಬಹುದು. ಸರಕಾರ ಮೊದಲು ತನ್ನ ಉದ್ದೇಶವನ್ನು ಪ್ರಕಟಿಸಿ, ಕಟ್ಟಡದ ಬಳಿ ಸೂಚನೆ ಅಂಟಿಸಿ, ಆಕ್ಷೇಪಗಳಿಗೆ ಎರಡು ತಿಂಗಳ ಕಾಲಾವಕಾಶ ಕೊಡಬೇಕು. ಘೋಷಣೆಯಾದ ಮಾತ್ರಕ್ಕೆ ಒಡೆತನ ಸರಕಾರಕ್ಕೆ ಹೋಗುವುದಿಲ್ಲ. ಮಾಲೀಕರು ಒಪ್ಪಂದದ ಮೂಲಕ ಇಲಾಖೆಯನ್ನು ಪಾಲಕನನ್ನಾಗಿ ನೇಮಿಸಿಕೊಳ್ಳಬಹುದು. ಆರಾಧನೆಯ ಸ್ಥಳವಾದರೆ ಅದರ ಸ್ವರೂಪಕ್ಕೆ ಹೊಂದದ ಬಳಕೆ ಕೂಡದೆಂಬ ಕಲಮೂ ಇದೆ. 2010ರ ತಿದ್ದುಪಡಿಯ ಮೇಲೆ, ಸಂರಕ್ಷಿತ ಸ್ಮಾರಕದ ಸುತ್ತಲಿನ 100 ಮೀಟರ್ ನಿಷೇಧಿತ ಪ್ರದೇಶ, ಅದರಾಚೆಯ 200 ಮೀಟರ್ ನಿಯಂತ್ರಿತ ಪ್ರದೇಶ. ರಾಜ್ಯಕ್ಕೂ 1961ರ ತನ್ನದೇ ಕಾಯ್ದೆಯಿದೆ.

ಈ ಕಾನೂನು ಕೋಟೆಗೆ, ಬಸದಿಗೆ, ಮಸೀದಿಗೆ ಒಪ್ಪುತ್ತದೆ. ಇಕ್ಕಟ್ಟಾದ ಗಲ್ಲಿಯೊಳಗಿನ ವಾಸದ ಮನೆಗೆ ಒಪ್ಪುವುದಿಲ್ಲ. ರಿಸಾಲ್ದಾರ ಗಲ್ಲಿಯ ಒಂದು ಮನೆಗೆ 100 ಮೀಟರಿನ ನಿಷೇಧಿತ ವಲಯ ಹಾಕಿದರೆ ಅಕ್ಕಪಕ್ಕದ ಹತ್ತಾರು ಸಂಸಾರಗಳು ತಮ್ಮ ಮನೆಯ ಮೇಲೆ ಒಂದು ಕೋಣೆ ಏರಿಸಲಾರವು. ಸ್ಮಾರಕವನ್ನು ಪ್ರೀತಿಸಬೇಕಾದ ನೆರೆಹೊರೆ ಅದನ್ನು ದ್ವೇಷಿಸತೊಡಗುತ್ತದೆ. ಆದುದರಿಂದ ಮನೆಗಳಿಗೆ ಬೇಕಾದುದು ಸ್ಥಳೀಯ ಮಾನ್ಯತೆ: ನಗರಪಾಲಿಕೆ ಮತ್ತು ನಗರಾಭಿವೃದ್ಧಿ ಪ್ರಾಧಿಕಾರದ ಮಟ್ಟದ ಪಾರಂಪರಿಕ ಕಟ್ಟಡಗಳ ಪಟ್ಟಿ. ಮುಂಬೈ 1995ರಲ್ಲಿ ಇಂಥ ನಿಯಮಗಳನ್ನು ತಂದು ಕಟ್ಟಡಗಳನ್ನು ಮೂರು ದರ್ಜೆಗಳಾಗಿ ವಿಂಗಡಿಸಿತು. ಮೊದಲ ದರ್ಜೆಯವನ್ನು ಬಹುಮಟ್ಟಿಗೆ ಮುಟ್ಟುವಂತಿಲ್ಲ; ಕೆಳಗಿನ ದರ್ಜೆಯವುಗಳಲ್ಲಿ ಹೊರಗಿನ ಚಹರೆ ಉಳಿಸಿಕೊಂಡು ಬದಲಾವಣೆಗೆ ಅವಕಾಶವುಂಟು. ಕೆಡವಬೇಕಾದರೆ ಮೊದಲು ತಜ್ಞರ ಸಮಿತಿಯ ಮುಂದೆ ಹೋಗಬೇಕು. ಕಾನೂನಿನ ನಿಜವಾದ ಬಲ ಈ ‘ಮೊದಲು’ ಎಂಬ ಶಬ್ದದಲ್ಲಿದೆ.

ಗೋಡೆಗೆ ಫಲಕ ಹಾಕಿದರೆ ಸಾಲದೇ ಎಂದು ಕೇಳುವವರಿದ್ದಾರೆ. ಲಂಡನ್ನಿನಲ್ಲಿ 1866ರಲ್ಲೇ ಪ್ರಸಿದ್ಧರು ವಾಸಿಸಿದ ಮನೆಗಳಿಗೆ ಫಲಕ ಹಾಕುವ ಯೋಜನೆ ಆರಂಭವಾಯಿತು. ಗಾಂಧೀಜಿ, ಅಂಬೇಡ್ಕರ್, ಟಿಪ್ಪುವಿನ ವಂಶದ ನೂರ್ ಇನಾಯತ್ ಖಾನ್ ಇವರಿಗೆಲ್ಲ ಅಲ್ಲಿ ಫಲಕಗಳಿವೆ. ಆದರೆ ಆ ಫಲಕಕ್ಕೆ ಕಾನೂನಿನ ರಕ್ಷಣೆಯಿಲ್ಲ. ಕಟ್ಟಡ ಕೆಡವಿದರೆ ಫಲಕವೂ ಹೋಗುತ್ತದೆ. ಫಲಕ ನೆನಪಿಸುತ್ತದೆ, ಕಾಪಾಡುವುದಿಲ್ಲ.

ನಮ್ಮದೇ ರಾಜ್ಯದಲ್ಲಿ ಇದರ ಪಾಠ ಮೈಸೂರಿನಿಂದ ಬಂದಿದೆ. ಕಾದಂಬರಿಕಾರ ಆರ್. ಕೆ. ನಾರಾಯಣ್ ಯಾದವಗಿರಿಯಲ್ಲಿ ಕಟ್ಟಿಸಿ ವಾಸಿಸಿದ್ದ ಮನೆಯನ್ನು 2011ರಲ್ಲಿ ಕೆಡವಲು ಆರಂಭಿಸಲಾಯಿತು. ಸುದ್ದಿ ಹಬ್ಬಿದ ಮೇಲೆ ಕೆಲಸ ನಿಲ್ಲಿಸಿ ಅದನ್ನು ಪಾರಂಪರಿಕ ಕಟ್ಟಡವೆಂದು ಸಾರಲಾಯಿತು. ಕುಟುಂಬದವರು ಒಪ್ಪಲಿಲ್ಲ, ಆಸ್ತಿ ನಮ್ಮದು, ನಮ್ಮನ್ನು ಕೇಳದೆ ಹೇಗೆ ಸಾರಿದಿರಿ ಎಂದರು. ಕೊನೆಗೆ ಮೈಸೂರು ಮಹಾನಗರಪಾಲಿಕೆ ಎರಡು ಕೋಟಿ ರೂಪಾಯಿಗೂ ಹೆಚ್ಚು ಕೊಟ್ಟು ಮನೆಯನ್ನು ಕೊಂಡಿತು, ದುರಸ್ತಿ ಮಾಡಿಸಿತು. 2016ರಲ್ಲಿ ವಸ್ತುಸಂಗ್ರಹಾಲಯವಾಗಿ ತೆರೆಯಿತು. ಆ ಮನೆಗೆ ನೂರು ವರ್ಷ ಆಗಿರಲಿಲ್ಲ. ಕೇಂದ್ರದ ಕಾಯ್ದೆಯಿಂದ ಅದಕ್ಕೆ ಏನೂ ಉಪಯೋಗವಿರಲಿಲ್ಲ. ಉಳಿಸಿದ್ದು ಊರಿನ ಆಡಳಿತ. ಆದರೆ ಸುತ್ತಿಗೆಯ ಪೆಟ್ಟು ಬಿದ್ದ ಮೇಲೆ.

ಕುಟುಂಬದವರ ಆಕ್ಷೇಪವನ್ನು ಹಗುರವಾಗಿ ತಳ್ಳಿಹಾಕುವವರ ಜೊತೆ ನಾವಿಲ್ಲ. ಮನೆಯೆಂಬುದು ಮೊದಲು ಅದರಲ್ಲಿರುವವರದು, ಆಮೇಲೆ ಇತಿಹಾಸದ್ದು. ಅನ್ಯರ ಮನೆಯೊಳಗೆ ಅನುಮತಿ ಕೇಳದೆ, ಸಲಾಂ ಹೇಳದೆ ಪ್ರವೇಶಿಸಬಾರದೆಂದೂ ಹಿಂತಿರುಗಿರಿ ಎಂದರೆ ಹಿಂತಿರುಗಬೇಕೆಂದೂ ಪವಿತ್ರ ಕುರ್‌ಆನಿನ ಅನ್ನೂರ್ ಅಧ್ಯಾಯ ಕಲಿಸುತ್ತದೆ. ಸರಕಾರದ ಅಧಿಸೂಚನೆಯೂ ಒಂದು ಬಗೆಯ ಪ್ರವೇಶವೇ. ಖಲೀಫಾ ಉಮರ್(ರ) ಮಸ್ಜಿದುನ್ನಬವಿಯನ್ನು ವಿಸ್ತರಿಸಲು ಹೊರಟಾಗ ನಡೆದ ಘಟನೆಯನ್ನು ಇತಿಹಾಸಕಾರರು ದಾಖಲಿಸಿದ್ದಾರೆ. ಪಕ್ಕದಲ್ಲಿದ್ದ ಅಬ್ಬಾಸ್(ರ) ಅವರ ಮನೆ ಬೇಕಾಗಿತ್ತು. ಬೆಲೆ ಕೊಡುತ್ತೇನೆಂದರೂ ಅವರು ಒಪ್ಪಲಿಲ್ಲ. ವ್ಯಾಜ್ಯ ಉಬಯ್ ಬಿನ್ ಕಅಬ್(ರ) ಅವರ ಮುಂದೆ ಹೋಯಿತು. ಖಲೀಫಾ ಕೇಳಿದ್ದು ಮಸೀದಿಗಾಗಿ, ಅದೂ ಪ್ರವಾದಿಯವರ(ಸ) ಮಸೀದಿಗಾಗಿ. ಆದರೂ ತೀರ್ಪು ಖಲೀಫಾರ ವಿರುದ್ಧವಾಯಿತು. ಗೆದ್ದ ಮೇಲೆ ಅಬ್ಬಾಸ್(ರ) ಅದೇ ಮನೆಯನ್ನು ಬೆಲೆಯಿಲ್ಲದೆ ದಾನವಾಗಿ ಕೊಟ್ಟರು. ಒತ್ತಾಯದಿಂದ ಸಿಗದದ್ದು ಹಕ್ಕನ್ನು ಒಪ್ಪಿಕೊಂಡ ಮೇಲೆ ತಾನಾಗಿ ಸಿಕ್ಕಿತು. ಪಾರಂಪರಿಕ ಸಮಿತಿಗಳಲ್ಲಿ ಕುಳಿತುಕೊಳ್ಳುವವರಿಗೆ ಇದನ್ನು ಓದಿಸಬೇಕು.

ಬೆಳಗಾವಿಯ ಕೋಟೆಯ ಮನೆ ಉಳಿದ ಬಗೆ ಬೇರೆ. ಅದು ಸರಕಾರದ ಆಸ್ತಿಯಾಗಿದ್ದುದರಿಂದ ಮಾಲೀಕರೊಡನೆ ಜಗಳವಿರಲಿಲ್ಲ. ರಾಜ್ಯ ಸರಕಾರ ಅದನ್ನು ರಾಮಕೃಷ್ಣ ಮಿಷನ್‌ಗೆ ಒಪ್ಪಿಸಿತು; ಮಿಷನ್ ಅದನ್ನು ಸ್ಮಾರಕವಾಗಿ ಕಾಯ್ದುಕೊಂಡು ಬಂದಿದೆ. ರಿಸಾಲ್ದಾರ ಗಲ್ಲಿಯ ಭಾಟೆಯವರ ಮನೆಯನ್ನೂ ಊರು ಇಂದು ವಿವೇಕಾನಂದರ ಹೆಸರಿನಿಂದಲೇ ಗುರುತಿಸುತ್ತದೆ. ಇಲ್ಲಿ ಮನೆಯನ್ನು ಕಾದದ್ದು ಜವಾಬ್ದಾರಿ ಹೊತ್ತ ಒಂದು ಸಂಸ್ಥೆ. ನಮ್ಮಲ್ಲಿ ಇದಕ್ಕೆ ವಕ್ಫ್ ಎಂಬ ಹಳೆಯ ವ್ಯವಸ್ಥೆಯಿದೆ. ಮೂಲ ಆಸ್ತಿ ಮಾರಾಟಕ್ಕಿಲ್ಲ, ದಾನಕ್ಕಿಲ್ಲ, ಉತ್ತರಾಧಿಕಾರಕ್ಕಿಲ್ಲ. ಅದರ ಫಲ ಮಾತ್ರ ಜನರಿಗೆ ಸಲ್ಲಬೇಕು. ಖೈಬರಿನ ಜಮೀನಿನ ಬಗ್ಗೆ ಉಮರ್(ರ) ಪ್ರವಾದಿವರ್ಯರಲ್ಲಿ(ಸ) ಸಲಹೆ ಕೇಳಿದಾಗ ಸಿಕ್ಕ ಮಾರ್ಗ ಇದೇ. ಮಸೀದಿ, ಖಬರಸ್ಥಾನ, ದರ್ಗಾಗಳಿಗೆ ಮಾತ್ರ ವಕ್ಫ್ ಎಂದು ಭಾವಿಸಿ ವಾಸದ ಮನೆಯನ್ನು, ಗ್ರಂಥಭಂಡಾರವನ್ನು, ಹಳೆಯ ಮದ್ರಸಾದ ಪಡಸಾಲೆಯನ್ನು ಹಾಗೆ ಕಾಪಾಡಬಹುದೆಂಬುದನ್ನು ನಮ್ಮ ಜನ ಬಹಳ ಮಟ್ಟಿಗೆ ಮರೆತಿದ್ದಾರೆ. ಅಸದ್ ಖಾನನನ್ನೇ ನೋಡಿ. ಅವನ ಮಸೀದಿ ಕೋಟೆಯಲ್ಲಿದೆ, ಅವನ ದರ್ಗಾ ಕ್ಯಾಂಪ್ ಪ್ರದೇಶದಲ್ಲಿದೆ. ಆದಿಲ್‌ಶಾಹಿ, ವಿಜಯನಗರ, ಪೋರ್ಚುಗೀಸ್ ಹೀಗೆ ಮೂರು ರಾಜಕಾರಣಗಳ ನಡುವೆ ನಿಂತು ಬೆಳಗಾವಿಯನ್ನು ಆಳಿ 1549ರಲ್ಲಿ ತೀರಿಕೊಂಡ ಆ ಸರದಾರ ಯಾವ ಮನೆಯಲ್ಲಿ ಉಂಡು ಮಲಗಿದನೆಂದು ಕೇಳಿದರೆ ಬೆರಳು ಮಾಡಿ ತೋರಿಸುವವರನ್ನು ನಾವು ಕಂಡಿಲ್ಲ.

ದೊಡ್ಡ ಘಟನೆಗಳು ಗೋಡೆಯಿಲ್ಲದೆಯೂ ನಡೆದುಹೋಗುತ್ತವೆ. 1924ರ ಡಿಸೆಂಬರ್ 26, 27ರಂದು ಬೆಳಗಾವಿಯಲ್ಲಿ ಕಾಂಗ್ರೆಸ್ಸಿನ 39ನೆಯ ಅಧಿವೇಶನ ನಡೆಯಿತು. ಗಾಂಧೀಜಿ ತಮ್ಮ ಜೀವನದಲ್ಲಿ ಅಧ್ಯಕ್ಷತೆ ವಹಿಸಿದ ಏಕೈಕ ಅಧಿವೇಶನವದು. ಅಧ್ಯಕ್ಷ ಸ್ಥಾನವನ್ನು ಅವರು ವಹಿಸಿಕೊಂಡದ್ದು ಹಿಂದಿನ ಅಧ್ಯಕ್ಷರಾದ ಮೌಲಾನಾ ಮುಹಮ್ಮದ್ ಅಲಿಯವರಿಂದ. ಅದೇ ದಿನಗಳಲ್ಲಿ ಡಾ. ಸೈಫುದ್ದೀನ್ ಕಿಚ್ಲೂ ಅವರ ಅಧ್ಯಕ್ಷತೆಯಲ್ಲಿ ಖಿಲಾಫತ್ ಸಮ್ಮೇಳನವೂ ಅಲ್ಲಿಯೇ ನಡೆಯಿತು. ಗಂಗಾಧರರಾವ್ ದೇಶಪಾಂಡೆಯವರು ಮುಂದೆ ನಿಂತು ವಿಜಯನಗರವೆಂಬ ಹೆಸರಿನ ಒಂದು ತಾತ್ಕಾಲಿಕ ಊರನ್ನೇ ಕಟ್ಟಿಸಿದ್ದರು. ಡೇರೆಗಳು, ಗುಡಿಸಲುಗಳು, ಮಂಟಪಗಳು ಎಲ್ಲವೂ ಬಿಚ್ಚಿ ಹೋದವು. ಉಳಿದದ್ದು ನೀರಿಗಾಗಿ ತೋಡಿಸಿದ ಪಂಪಾ ಸರೋವರವೆಂಬ ಬಾವಿ. ಊರವರು ಅದನ್ನು ಕಾಂಗ್ರೆಸ್ ಬಾವಿಯೆಂದು ಕರೆದು ನೀರು ಸೇದಿದರು. ನೆನಪು ಆ ಬಾವಿಯಲ್ಲಿ ನಿಂತಿತು. ಅದರ ಬಳಿ ವೀರಸೌಧ ಎದ್ದದ್ದು ಬಹಳ ತಡವಾಗಿ. ಬಾವಿ ಉಳಿದದ್ದು ಅದು ಬಳಕೆಯಲ್ಲಿದ್ದುದರಿಂದ, ಯಾವ ಅಧಿಸೂಚನೆಯಿಂದಲೂ ಅಲ್ಲ.

ಬೆಳಗಾವಿಯಿಂದ ತೆಂಕಣಕ್ಕೆ ಹೊರಟು ಖಾನಾಪುರ ತಾಲೂಕನ್ನು ಹೊಕ್ಕರೆ ಈ ವಿಚಾರಕ್ಕೆ ಇನ್ನೊಂದು ಮುಖ ಕಾಣುತ್ತದೆ. ಇಲ್ಲಿಯ ಹಲಸಿಯಲ್ಲಿ ಕದಂಬರ ತಾಮ್ರಪಟಗಳು ದೊರೆತವು. ಜೈನ ಸಂಸ್ಥೆಗಳಿಗೆ ರಾಜರು ಕೊಟ್ಟ ಭೂದಾನಗಳು ಅವುಗಳಲ್ಲಿ ದಾಖಲಾಗಿವೆ. ಹದಿನೈದು ಶತಮಾನಗಳ ಹಿಂದಿನ ದಾನಕ್ಕೆ ಪುರಾವೆಯಿದೆ, ಅಜ್ಜನ ಕಾಲದ ಮನೆಗೆ ಪುರಾವೆಯಿಲ್ಲ ಎಂಬ ವಿಚಿತ್ರ ಸ್ಥಿತಿ ನಮ್ಮದು. ಅದೇ ತಾಲೂಕಿನ ನಂದಗಡದಲ್ಲಿ 1831ರ ಜನವರಿ 26ರಂದು ಸಂಗೊಳ್ಳಿ ರಾಯಣ್ಣನನ್ನು ಬ್ರಿಟಿಷರು ಗಲ್ಲಿಗೇರಿಸಿದರು. ಸರಕಾರಿ ಕಚೇರಿಗಳನ್ನು ಸುಟ್ಟವನೆಂಬ ಆರೋಪ ಹೊತ್ತವನ ಸಮಾಧಿಗೆ ಆ ಸರಕಾರ ಮಾನ್ಯತೆ ಕೊಡುವುದುಂಟೇ? ಆದರೂ ಜನ ಆ ನೆಲವನ್ನು ಬಿಟ್ಟುಕೊಡಲಿಲ್ಲ. ಸಮಾಧಿಯ ಮೇಲೆ ಅವನ ಗೆಳೆಯ ನೆಟ್ಟದ್ದೆಂದು ಹೇಳುವ ಆಲದ ಮರವೇ ತಲೆಮಾರುಗಳ ಕಾಲ ಅದರ ಗುರುತಾಯಿತು. ಮಕ್ಕಳಿಲ್ಲದ ಹೆಣ್ಣುಮಕ್ಕಳು ಅಲ್ಲಿ ತೊಟ್ಟಿಲು ಕಟ್ಟುತ್ತಾರೆ. ಅದು ನಮ್ಮ ಶ್ರದ್ಧೆಯ ರೀತಿಯಲ್ಲ. ಆದರೆ ಆ ತೊಟ್ಟಿಲುಗಳು ಇಲ್ಲದಿದ್ದರೆ ಜಾಗ ಉಳಿಯುತ್ತಿತ್ತೇ ಎಂದು ಇತಿಹಾಸದ ವಿದ್ಯಾರ್ಥಿ ಕೇಳಿಕೊಳ್ಳಲೇಬೇಕು. ಸರಕಾರದ ಸ್ಮಾರಕ ಬಂದದ್ದು ಆಮೇಲೆ.

ಖಾನಾಪುರಕ್ಕೂ ಬೆಳಗಾವಿಯ ಹಳೆಯ ಮನೆಗಳಿಗೂ ಇನ್ನೊಂದು ನಂಟಿದೆ; ಅದು ಮಣ್ಣಿನದು. ಮಲಪ್ರಭೆ ಹುಟ್ಟುವ ಈ ತಾಲೂಕಿನ ಜೇಡಿಮಣ್ಣು ಹೆಸರಾದದ್ದು. ಇಟ್ಟಿಗೆ, ಹಂಚು, ಮಡಕೆಗಳ ಕೆಲಸ ಇಲ್ಲಿ ಹಳೆಯದು. ಖಾದಿ ಗ್ರಾಮೋದ್ಯೋಗ ಆಯೋಗದ ಕುಂಬಾರಿಕೆ ತರಬೇತಿ ಸಂಸ್ಥೆಯೂ ಖಾನಾಪುರದಲ್ಲಿಯೇ ನೆಲೆಸಿದೆ. ಕಾಡಿನ ಮರವೂ ಇಲ್ಲಿಯದೇ. ಹರಿಪದ ಮಿತ್ರರಂಥ ಅರಣ್ಯಾಧಿಕಾರಿಗೆ ಬೆಳಗಾವಿಯಲ್ಲಿ ಕೆಲಸವಿದ್ದುದು ಖಾನಾಪುರದ ಕಡೆಯ ಕಾಡುಗಳಿಂದಾಗಿಯೇ. ಹೀಗೆ ಬೆಳಗಾವಿಯ ಒಂದು ಹಳೆಯ ಮನೆಯನ್ನು ಉಳಿಸುವುದೆಂದರೆ ಖಾನಾಪುರದ ಕುಂಬಾರನ, ಬಡಗಿಯ ವಿದ್ಯೆಯನ್ನೂ ಉಳಿಸಬೇಕಾಗುತ್ತದೆ. ಜಂಬಿಟ್ಟಿಗೆಯ ಗೋಡೆಗೆ ಸಿಮೆಂಟ್ ಬಳಿದರೆ ಒಳಗಿನ ತೇವ ಹೊರಹೋಗದೆ ಕಲ್ಲು ಕರಗುತ್ತದೆ. ಅದಕ್ಕೆ ಸುಣ್ಣದ ಗಾರೆಯೇ ಬೇಕು. ಆ ಗಾರೆ ಕಲೆಸಬಲ್ಲ ಗೌಂಡಿ ಸಿಗುವುದು ಇಂದು ಸುಲಭವಲ್ಲ.

ಬೆಳಗಾವಿಯ ದರ್ಬಾರ ಗಲ್ಲಿ, ಖಂಜರ ಗಲ್ಲಿ, ಕೊತ್ವಾಲ ಗಲ್ಲಿಗಳ ಹೆಸರುಗಳನ್ನು ಕೇಳಿದವರಿಗೆ ಅಲ್ಲಿ ಹಿಂದೆ ಯಾರು ಬದುಕಿದ್ದಿರಬಹುದೆಂದು ಊಹಿಸುವುದು ಕಷ್ಟವಲ್ಲ. ಊಹೆಯಿಂದ ಪಟ್ಟಿಗೆ ಸೇರಲಾಗದು. ಪಾಲಿಕೆ ಅಥವಾ ಪ್ರಾಧಿಕಾರದ ಮುಂದೆ ಹೋಗುವವರ ಕೈಯಲ್ಲಿ ಮನೆಯ ಸಿಟಿ ಸರ್ವೆ ಉತಾರೆ ಇರಬೇಕು, ಹಳೆಯ ಖರೀದಿ ಪತ್ರವಿರಬೇಕು, ನಕ್ಷೆಯಿರಬೇಕು, ಆ ಮನೆಯಲ್ಲಿ ಯಾರಿದ್ದರು, ಏನು ನಡೆಯಿತೆಂಬುದಕ್ಕೆ ಬರವಣಿಗೆಯ ಸಾಕ್ಷಿಯಿರಬೇಕು. ಭಾಟೆಯವರ ಮಗ ಮೂವತ್ತೊಂದು ವರ್ಷಗಳ ಬಳಿಕ ಕುಳಿತು ಬರೆದಂತೆ ನಮ್ಮ ಹಿರಿಯರೂ ಬರೆದಿಡಬೇಕು. ಬರೆಯಲಾಗದವರು ಹೇಳಿದ್ದನ್ನು ಮೊಮ್ಮಕ್ಕಳು ಬರೆದುಕೊಳ್ಳಬೇಕು. ಉರ್ದು, ಪಾರಸಿ, ಮೋಡಿ ಲಿಪಿಯ ಹಳೆಯ ಕಾಗದಗಳು ಎಷ್ಟೋ ಮನೆಗಳ ಅಟ್ಟದ ಮೇಲೆ ತಗಡಿನ ಪೆಟ್ಟಿಗೆಗಳಲ್ಲಿವೆ. ಮನೆ ಕೆಡವುವ ದಿನ ಅವು ಹಳೆಯ ಕಟ್ಟಿಗೆಯ ಜೊತೆ ಗುಜರಿಗೆ ಹೋಗುತ್ತವೆ. ಮೋಡಿಯನ್ನು ಸಲೀಸಾಗಿ ಓದಬಲ್ಲವರು ದಿನೇದಿನೇ ಕಡಿಮೆಯಾಗುತ್ತಿದ್ದಾರೆ. ಓದಿಸಿಕೊಳ್ಳಬೇಕೆಂದಿದ್ದರೆ ಈಗಲೇ ಓದಿಸಿಕೊಳ್ಳಬೇಕು.

ಪಟ್ಟಿ ಮಾಡುವವರಿಗೂ ನಮ್ಮ ಎರಡು ಮಾತು. ರಾಜರ, ಸಾಹೇಬರ, ಮಹಾಪುರುಷರ ಮನೆಗಳನ್ನು ಮಾತ್ರ ಎಣಿಸಬೇಡಿ. ಕೋಟೆಯ ಮನೆಗೆ ಮಹತ್ತ್ವ ಬಂದದ್ದು ಅತಿಥಿಯಿಂದ ನಿಜ. ಆದರೆ ಅತಿಥಿಗೆ ಜಾಗ ಸಿಕ್ಕಿದ್ದು ಸಾಮಾನ್ಯ ವಕೀಲರೊಬ್ಬರ, ಸಾಮಾನ್ಯ ನೌಕರರೊಬ್ಬರ ಮನೆಯಲ್ಲಿ. ಮತ್ತು ಮಾನ್ಯತೆಯನ್ನು ಶಿಕ್ಷೆಯಾಗಿ ಮಾಡಬೇಡಿ. ಪಟ್ಟಿಗೆ ಸೇರಿದ ಮನೆಯ ಮಾಲೀಕ ಕೆಡವುವಂತಿಲ್ಲ, ಎತ್ತರಿಸುವಂತಿಲ್ಲ ಎಂದಾದರೆ ಅವನ ಮನೆಪಟ್ಟಿಯಲ್ಲಿ ರಿಯಾಯಿತಿ ಇರಬೇಕು, ದುರಸ್ತಿಗೆ ನೆರವಿರಬೇಕು, ಏನು ಮಾಡಬಹುದೆಂದು ಹೇಳಿಕೊಡುವ ಒಬ್ಬ ಎಂಜಿನಿಯರ್ ಇರಬೇಕು. ಇದಾವುದೂ ಇಲ್ಲದೆ ಬರೀ ನೋಟೀಸು ಕಳಿಸಿದರೆ ಮಾಲೀಕನಿಗೆ ಉಳಿಯುವ ದಾರಿ ಒಂದೇ: ಸುಮ್ಮನಿರುವುದು. ಬೆಳಗಾವಿ, ಖಾನಾಪುರಗಳ ಮಳೆ ಉಳಿದ ಕೆಲಸವನ್ನು ಮಾಡಿ ಮುಗಿಸುತ್ತದೆ. ಮೇ ತಿಂಗಳಲ್ಲಿ ಮಾಡಿಗೆ ಹತ್ತಿ ಒಡೆದ ಹಂಚುಗಳನ್ನು ಬದಲಿಸದಿದ್ದರೆ ಜೂನಿನಲ್ಲಿ ಜಂತಿ ನೆನೆಯುತ್ತದೆ. ಎರಡನೆಯ ಮಳೆಗಾಲಕ್ಕೆ ತೊಲೆ ಬಾಗುತ್ತದೆ. ಮೂರನೆಯದಕ್ಕೆ ಗೋಡೆ ಕುಸಿಯುತ್ತದೆ. ಅಷ್ಟರಲ್ಲಿ ಅದು ಅಪಾಯಕಾರಿ ಕಟ್ಟಡವೆಂಬ ಇನ್ನೊಂದು ಪಟ್ಟಿಗೆ ಸೇರಿರುತ್ತದೆ, ಮತ್ತು ಅದನ್ನು ಕೆಡವಲು ಪಾಲಿಕೆಯೇ ಯಂತ್ರ ಕಳಿಸುತ್ತದೆ.